ನಾಲ್ಕು ಗಂಟೆಯ ಟ್ರಿಪ್ಪು

ನಮ್ಮ ಮಾವ ಬದುಕಿನಲ್ಲಿ ಮೋಸ ಮಾಡಿದ್ದು ಒಂದೇ ಸಲ, ಅದನ್ನೂ ಅವರಿಗೆ ನೆಟ್ಟಗೆ ಮಾಡಲು ಬರಲಿಲ್ಲ. ಮೋಸ ಮಾಡುವವರು ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಮ್ಮೆಯಾದರೂ ಅತ್ತಿತ್ತ ಕಣ್ಣು ಹಾಯಿಸುತ್ತಾರಲ್ಲ, ಅಷ್ಟು ಎಚ್ಚರವೂ ಇವರಿಗಿರಲಿಲ್ಲ. ಸಿಕ್ಕಿಬಿದ್ದ ಹೊತ್ತಿನಲ್ಲಿ ಇವರು ಅಡುಗೆಮನೆಯ ಬಾಗಿಲಲ್ಲಿ ಕೂತು ನನ್ನ ಅಮ್ಮನ ಜೊತೆ ಅವರೆಕಾಳು ಹಿತುಕುತ್ತಿದ್ದರು. ಮೋಸ ಮಹಡಿಯ ಮೇಲೆ ತನ್ನ ಪಾಡಿಗೆ ತಾನು ನಡೆಯುತ್ತಿತ್ತು.

ಮಾವ ಅಂದರೆ ಅಮ್ಮನ ಒಬ್ಬನೇ ತಮ್ಮ. ಮೈಸೂರಿನ ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ಡ್ರೈವರ್ ಆಗಿದ್ದವರು. ಅವರ ಪ್ರಾಮಾಣಿಕತೆಯನ್ನು ಹೊರಗಿನವರು ಹೊಗಳುತ್ತಿದ್ದರು, ಮನೆಯವರು ಸಹಿಸುತ್ತಿದ್ದೆವು. ತೊಂಬತ್ತರ ದಶಕದಲ್ಲಿ ಒಂದು ಮಧ್ಯಾಹ್ನ ಅಮ್ಮ ಹೂಟಗಳ್ಳಿಯಲ್ಲಿ ಯಾರದೋ ಮನೆಯ ಸೀಮಂತ ಮುಗಿಸಿಕೊಂಡು ಬಸ್ಸಿಗೆ ಕಾಯುತ್ತಿದ್ದಳು. ಬಿಸಿಲು ಜೋರಿತ್ತು. ನಿಲ್ದಾಣದ ಕಂಬದಿಂದ ಇಪ್ಪತ್ತು ಹೆಜ್ಜೆ ಆಚೆಗಿದ್ದ ಮರದ ನೆರಳಿನಲ್ಲಿ ನಿಂತಿದ್ದಳು. ಬಸ್ಸು ಬಂತು, ಸ್ಟೇರಿಂಗ್ ಹಿಂದೆ ಸ್ವಂತ ತಮ್ಮ. ಅಮ್ಮ ಕೈ ಎತ್ತಿದಳು. ತಮ್ಮ ಅವಳನ್ನು ನೋಡಿ ನಕ್ಕು, ತಲೆಯಾಡಿಸಿ, ಬಸ್ಸನ್ನು ಮುಂದಕ್ಕೆ ಒಯ್ದುಬಿಟ್ಟರು.

ಸಂಜೆ ಮನೆಗೆ ಬಂದಾಗ ಅಮ್ಮ ಕೇಳಿದಳು, "ನಾನು ನಿನ್ನ ಎತ್ತಿ ಆಡಿಸ್ದೋಳು ಕಣೋ. ನಿಲ್ಲಿಸಕ್ಕೆ ಏನಾಗಿತ್ತು?"

"ಅದು ಸ್ಟಾಪಲ್ಲ ಕಣಕ್ಕ."

"ಒಡಹುಟ್ಟಿದೋಳಿಗೂ ಸ್ಟಾಪಾ?"

"ಎತ್ತಿ ಆಡಿಸ್ದೋರ್ಗೆ ಅಂತ ಡಿಪೋನೋರು ಬೇರೆ ಸ್ಟಾಪ್ ಕೊಟ್ಟಿಲ್ಲ ಕಣಕ್ಕ."

ಅಮ್ಮ ನಾಲ್ಕು ದಿನ ಮಾತು ಬಿಟ್ಟಳು. ಐದನೆಯ ದಿನ ತಾನೇ ಹೋಗಿ ಮಾತಾಡಿಸಿದಳು, ಏಕೆಂದರೆ ಮಾತು ಬಿಟ್ಟಿರುವುದು ಮಾವನ ಗಮನಕ್ಕೇ ಬಂದಿರಲಿಲ್ಲ.

ಅವರ ಇನ್ನೊಂದು ಕಾಯಿಲೆ ದಾರಿ ಹೇಳುವುದು. ಯಾರಾದರೂ ಆಸ್ಪತ್ರೆಗೆ ಹೇಗೆ ಹೋಗಬೇಕೆಂದು ಕೇಳಿದರೆ ಮೂರು ದಾರಿ ಹೇಳುತ್ತಿದ್ದರು. ಒಂದು ಹತ್ತಿರದ್ದು, ಒಂದು ನೆರಳಿರುವುದು, ಒಂದು ಗುಂಡಿಯಿಲ್ಲದ್ದು. ಕೇಳಿದವರು ಅಷ್ಟರಲ್ಲಿ ತಾವಾಗಿಯೇ ವಾಸಿಯಾಗಿರುತ್ತಿದ್ದರು. ಒಮ್ಮೆ ರಜೆಯ ದಿನ ಅಮ್ಮ ಅವರನ್ನು ಕಾಫಿಪುಡಿ ತರಲು ಕಳಿಸಿದಳು. ದಾರಿಯಲ್ಲಿ ಯಾರೋ ಒಬ್ಬಾತ ಕಡಕೊಳದ ಫ್ಯಾಕ್ಟರಿಯಲ್ಲಿ ಕೆಲಸದ ಸಂದರ್ಶನವಿದೆ, ಯಾವ ಬಸ್ಸು ಹತ್ತಬೇಕು ಎಂದು ಕೇಳಿದ. ಇವರು ಹೇಳಿದರು. ಅವನ ಮುಖ ನೋಡಿದರೆ ಅರ್ಥವಾದ ಹಾಗೆ ಕಾಣಲಿಲ್ಲವಂತೆ. ಜೊತೆಯಲ್ಲೇ ಬಸ್ಸು ಹತ್ತಿದರು. ಫ್ಯಾಕ್ಟರಿಯ ಗೇಟಿನ ತನಕ ಬಿಟ್ಟರು. ಅಲ್ಲಿಂದಲಾದರೂ ವಾಪಸ್ಸು ಬರಬಹುದಿತ್ತಲ್ಲ? ಇಲ್ಲ, ಸಂದರ್ಶನ ಮುಗಿಯುವ ತನಕ ಕಾದು ಕೂತರು. "ವಾಪಸ್ ಬರೋ ದಾರಿ ಅವನಿಗೆ ಹೇಳಿರಲಿಲ್ಲ" ಎಂಬುದು ಸಂಜೆ ಐದಕ್ಕೆ ಕಾಫಿಪುಡಿಯೊಂದಿಗೆ ಮನೆ ಸೇರಿದ ಮಾವನ ಸಮಜಾಯಿಷಿ. ಕಾಫಿಗೆಂದು ಕಾದು ಕೂತಿದ್ದ ನೆಂಟರು ಮೂರು ಗಂಟೆಗೇ ಎದ್ದು ಹೋಗಿದ್ದರು. ಅವರು ಮಾವನಿಗೆ ಹೆಣ್ಣು ಕೊಡುವ ಮಾತಾಡಲು ಬಂದಿದ್ದವರು. ಮಾವನಿಗೆ ಆಮೇಲೂ ಮದುವೆಯಾಗಲಿಲ್ಲ.

ನಿವೃತ್ತರಾದ ಮೇಲೆ ವಿಜಯನಗರದ ನಮ್ಮ ಮನೆಯ ಮಹಡಿಯ ಕೋಣೆಗೆ ಬಂದರು. ಅಪ್ಪ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು. ಮನೆಯಲ್ಲಿದ್ದವರು ಅಮ್ಮ ಮತ್ತು ನಾನು. ನಾನು ಹೈಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದೆ. ಕೆಲಸಕ್ಕೆ ಸೇರಿದ ದಿನದಿಂದ ಮಾವ ನನ್ನನ್ನು ಹೆಸರು ಹಿಡಿದು ಕರೆದದ್ದಿಲ್ಲ, "ಮಿಸ್" ಎಂದೇ ಕರೆಯುತ್ತಿದ್ದರು. ಮೊದಲ ತಿಂಗಳು ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ಸುಮ್ಮನೆ ಸಿಟಿ ಬಸ್ಸು ಹತ್ತಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು, ತಿರುವು ಬಂದಾಗಲೆಲ್ಲ ಬಲಗಾಲಿನಿಂದ ನೆಲವನ್ನು ಒತ್ತಿ ಬ್ರೇಕು ಹಾಕುತ್ತಿದ್ದರು. ಹೊಸ ಡ್ರೈವರುಗಳು ಡಿಪೋಗೆ ಹೋಗಿ, ಆ ಯಜಮಾನರು ಹಿಂದೆ ಕೂತರೆ ನಮಗೆ ಗಾಡಿ ಓಡಿಸಲು ಆಗುವುದಿಲ್ಲ ಎಂದು ದೂರಿದರಂತೆ.

ಆಗ ಸಿಕ್ಕಿದ್ದು ಕಂಪ್ಯೂಟರ್. ಪ್ರಶ್ನೆಪತ್ರಿಕೆ ಮಾಡಿಕೊಳ್ಳಲು ನಾನು ಕೊಂಡಿದ್ದೆ, ಇಂಟರ್‌ನೆಟ್ಟೂ ಹಾಕಿಸಿದ್ದೆ. ಮಾವ ಪಿಂಚಣಿಯ ಕಾಗದ ಜೆರಾಕ್ಸ್ ಮಾಡಿಸಲು ಹತ್ತಿರದ ಸೈಬರ್ ಕೆಫೆಗೆ ಹೋದಾಗ ಅಲ್ಲಿ ಯಾರೋ ಒಂದು ಆಟ ಆಡುವುದನ್ನು ನೋಡಿ ಬಂದರು. ಲೋಕದ ಬೇರೆಬೇರೆ ಮೂಲೆಗಳಿಂದ ಸಾವಿರಾರು ಜನ ಒಟ್ಟಿಗೆ ಸೇರಿ ಆಡುವ ಆಟ. ಪರದೆಯ ಮೇಲೆ ಒಂದು ದೇಶ. ಅದರಲ್ಲಿ ಕೋಟೆಯಿರುವ ಊರು, ತೋಳಗಳಿರುವ ಕಾಡು, ಕಾಡಿನಾಚೆ ಒಂದು ಬಂದರು. ಆಡುವ ಪ್ರತಿಯೊಬ್ಬರಿಗೂ ಒಂದು ಬೊಂಬೆ. ಬೊಂಬೆ ಮರ ಕಡಿಯಬಹುದು, ಮೀನು ಹಿಡಿಯಬಹುದು, ಕತ್ತಿ ಹಿಡಿದು ಕಾದಾಡಬಹುದು, ಎದುರಿಗೆ ಬಂದವರೊಡನೆ ಅಕ್ಷರ ಒತ್ತಿ ಮಾತಾಡಬಹುದು.

ಮಾವ ದೊಡ್ಡ ಮೀಸೆಯ ಬೊಂಬೆಯೊಂದನ್ನು ಆರಿಸಿಕೊಂಡು "ಮೈಸೂರ್ ಡ್ರೈವರ್" ಎಂದು ಹೆಸರಿಟ್ಟರು. ಮರ ಕಡಿಯಲಿಲ್ಲ, ಮೀನು ಹಿಡಿಯಲಿಲ್ಲ. ಆಟದಲ್ಲಿ ಸಿಕ್ಕ ಕತ್ತಿಯನ್ನು ಸಿಕ್ಕ ದಿನವೇ ಯಾರಿಗೋ ದಾನ ಮಾಡಿದರು. ಅವರು ಕಂಡುಕೊಂಡದ್ದೇ ಬೇರೆ. ಆಟಕ್ಕೆ ಹೊಸದಾಗಿ ಬಂದವರಿಗೆ ಕೋಟೆಯಿಂದ ಬಂದರಿಗೆ ಹೋಗುವ ದಾರಿ ತಿಳಿಯದು. ಕಾಡಿನಲ್ಲಿ ತಪ್ಪು ತಿರುವು ಹಿಡಿದರೆ ತೋಳ ಮುರಿದು ತಿನ್ನುತ್ತದೆ. ಕೋಟೆಯ ಬಾಗಿಲಲ್ಲಿ ಹತ್ತಾರು ಜನ ದಿಕ್ಕು ತೋಚದೆ ನಿಂತಿರುತ್ತಾರೆ. ಇಂಥದೊಂದು ದೇಶವನ್ನು ಯಾರೋ ನಮ್ಮ ಮಾವನಿಗೆಂದೇ ಕಟ್ಟಿದಂತಿತ್ತು.

ಬೆಳಿಗ್ಗೆ ಹತ್ತಕ್ಕೆ ಒಂದು ಟ್ರಿಪ್ಪು, ಸಂಜೆ ನಾಲ್ಕಕ್ಕೆ ಒಂದು ಟ್ರಿಪ್ಪು. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕಂಪ್ಯೂಟರ್ ಮುಂದೆ ಕೂರುತ್ತಿದ್ದರು. ಮೀಸೆಯ ಬೊಂಬೆ ಮುಂದೆ, ಹಿಂದೆ ಐದಾರು ಬೊಂಬೆಗಳ ಸಾಲು. ಮಾವ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದರು. "ಒಳಗೆ ಹೋಗಿ, ಒಳಗೆ ಹೋಗಿ." "ಬಾಗಿಲಲ್ಲಿ ನಿಲ್ಲಬೇಡಿ." ಅಲ್ಲಿ ಬಾಗಿಲೂ ಇರಲಿಲ್ಲ, ಬಸ್ಸೂ ಇರಲಿಲ್ಲ. ಆದರೂ ಯಾವುಯಾವುದೋ ದೇಶದವರು ಆ ಮಾತು ಕಲಿತು, ಒಬ್ಬರಿಗೊಬ್ಬರು "ಒಳಗೆ ಹೋಗಿ" ಎಂದು ಹೇಳಿಕೊಳ್ಳುತ್ತಾ ಕಾಡು ದಾಟುತ್ತಿದ್ದರು. ನಾಲ್ಕು ಗಂಟೆಯ ಟ್ರಿಪ್ಪಿಗೆ ಕೆಲವರು ಖಾಯಂ ಆಗಿಬಿಟ್ಟರು. ಅವರಿಗೆ ದಾರಿ ಗೊತ್ತಿತ್ತು. ಸುಮ್ಮನೆ ಜೊತೆಗೆ ಬರುತ್ತಿದ್ದರು. ಅವರಲ್ಲಿ ಒಬ್ಬಳು "ಮಲ್ಲಿಗೆ" ಎಂಬ ಹೆಸರಿನ ಬೊಂಬೆ. ಮಂಗಳೂರಿನ ಹುಡುಗಿ, ಗಲ್ಫಿನ ಆಸ್ಪತ್ರೆಯೊಂದರಲ್ಲಿ ನರ್ಸ್, ಪಾಳಿ ಮುಗಿಸಿ ಬರುತ್ತಾಳೆ ಎಂದು ಮಾವ ಊಟದ ಹೊತ್ತಿನಲ್ಲಿ ವರದಿ ಕೊಡುತ್ತಿದ್ದರು. "ಇವತ್ತು ಮಲ್ಲಿಗೆ ಬರಲಿಲ್ಲ. ಡಬಲ್ ಡ್ಯೂಟಿ ಇರ್ಬೇಕು."

ಅಮ್ಮ ನನ್ನ ಮುಖ ನೋಡುತ್ತಿದ್ದಳು. "ಅರವತ್ತು ವರ್ಷಕ್ಕೆ ಮಗಳು ಹುಟ್ಟಿದಾಳೆ ನಿಮ್ಮ ಮಾವಂಗೆ."

ಹೀಗೆ ಒಂದೂವರೆ ವರ್ಷ ನಡೆಯಿತು. ಆಮೇಲೆ ಒಂದು ದಿನ ಮಾವ ಸೈಬರ್ ಕೆಫೆಯವರಿಂದ ಒಂದು ಸಿ.ಡಿ. ತಂದರು. ಅದರಲ್ಲಿದ್ದದ್ದು ಆಟದ ಕಂಪನಿಯವರು ಕೊಟ್ಟದ್ದಲ್ಲದ, ಬೇರೆ ಯಾರೋ ಮಾಡಿದ ಒಂದು ಪ್ರೋಗ್ರಾಮು. ಬೊಂಬೆಯನ್ನು ಒಮ್ಮೆ ನಡೆಸಿ ತೋರಿಸಿದರೆ ಸಾಕು, ಆಮೇಲೆ ಅದೇ ದಾರಿಯಲ್ಲಿ ಬೊಂಬೆಯನ್ನು ತಾನೇ ನಡೆಸುತ್ತದೆ. ಕುರ್ಚಿಯಲ್ಲಿ ಯಾರೂ ಕೂರಬೇಕಿಲ್ಲ. ಇದನ್ನು ಬಳಸುವುದು ಆಟದ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಹೊರಗೆ ಹಾಕುತ್ತಾರೆ. ಅದಕ್ಕೇ ಬಳಸುವವರು ಪಕ್ಕದಲ್ಲೇ ಕೂತು ಕಾವಲು ಕಾಯುತ್ತಾರಂತೆ. ನಮ್ಮ ಮಾವ ಗುಂಡಿ ಒತ್ತಿ ಸ್ನಾನಕ್ಕೆ ಹೋದರು.

ಮೊದಲ ದಿನವೇ ಬೊಂಬೆ ದಾರಿಯಲ್ಲಿ ಸ್ವಲ್ಪ ಜಾರಿ ಒಂದು ಬಂಡೆಗೆ ಮುಖ ಕೊಟ್ಟು ನಡೆಯತೊಡಗಿತು. ಬಂಡೆ ಸರಿಯಲಿಲ್ಲ, ಬೊಂಬೆ ನಿಲ್ಲಲಿಲ್ಲ. ನಾನು ಪ್ರಶ್ನೆಪತ್ರಿಕೆ ಹುಡುಕಲು ಮಹಡಿಗೆ ಹೋದಾಗ ನೋಡುತ್ತೇನೆ, ಮೈಸೂರ್ ಡ್ರೈವರ್ ಬಂಡೆಯನ್ನು ತಳ್ಳುತ್ತಿದ್ದಾರೆ, ಹಿಂದೆ ಆರು ಜನ ಶಿಸ್ತಾಗಿ ಸಾಲು ನಿಂತಿದ್ದಾರೆ. ಒಬ್ಬರು ಇಂಗ್ಲಿಷಿನಲ್ಲಿ "ಟೀಗೆ ನಿಲ್ಲಿಸಿದ್ದಾ?" ಎಂದು ಕೇಳಿದ್ದರು. ಅದಕ್ಕೆ ಬೊಂಬೆ ಕೊಟ್ಟ ಉತ್ತರ: "ಸರಿ ಸಾರ್."

ಆ ಪ್ರೋಗ್ರಾಮಿನಲ್ಲಿ ಇನ್ನೊಂದು ಅನುಕೂಲವಿತ್ತು. ಯಾರಾದರೂ ಮಾತಾಡಿಸಿದರೆ, ಮೊದಲೇ ಬರೆದಿಟ್ಟ ಒಂದು ಮಾತನ್ನು ಅದೇ ಹೇಳುತ್ತದೆ. ಮಾವ ಬಹಳ ಯೋಚಿಸಿ "ಸರಿ ಸಾರ್" ಎಂದು ಬರೆದಿಟ್ಟಿದ್ದರು. ಮೂವತ್ತು ವರ್ಷದ ಸರ್ವಿಸಿನಲ್ಲಿ ತಮ್ಮನ್ನು ಒಮ್ಮೆಯೂ ತೊಂದರೆಗೆ ಸಿಕ್ಕಿಸದ ಮಾತು ಅದೊಂದೇ ಎಂಬುದು ಅವರ ಅನುಭವ.

ಈ ಸಲ ಸಿಕ್ಕಿಸಿತು. ಯಾರೋ ದೂರು ಕೊಟ್ಟಿದ್ದರು. ಅವರೆಕಾಳು ಹಿತುಕುತ್ತಿದ್ದರು ಎಂದೆನಲ್ಲ, ಆ ಸಂಜೆ ಆಟದ ಕಂಪನಿಯ ಮೇಲ್ವಿಚಾರಕನೊಬ್ಬ ಕರಿಯ ನಿಲುವಂಗಿಯ ಬೊಂಬೆಯಾಗಿ ಬಂದು ಮೈಸೂರ್ ಡ್ರೈವರನ್ನು ಅಡ್ಡಗಟ್ಟಿದ. ಆ ಸಂಭಾಷಣೆ ಪರದೆಯ ಮೇಲೆ ಹಾಗೇ ಉಳಿದಿತ್ತು. ಅವನ ಇಂಗ್ಲಿಷನ್ನು ಕನ್ನಡದಲ್ಲಿ ಕೊಡುತ್ತಿದ್ದೇನೆ.

"ನೀವು ಕಂಪ್ಯೂಟರ್ ಮುಂದೆ ಇದ್ದೀರಾ?"

"ಸರಿ ಸಾರ್."

"ನೀವು ಬೇರೆ ಪ್ರೋಗ್ರಾಮ್ ಬಳಸುತ್ತಿದ್ದೀರಿ ಎಂದು ದೂರು ಬಂದಿದೆ."

"ಸರಿ ಸಾರ್."

"ಅದು ತಪ್ಪು ಎಂದು ನಿಮಗೆ ಗೊತ್ತೇ?"

"ಸರಿ ಸಾರ್."

"ನಿಮ್ಮನ್ನು ಒಂದು ವಾರ ಆಟದಿಂದ ಹೊರಗಿಡಲಾಗುತ್ತದೆ."

"ಸರಿ ಸಾರ್."

ಇಷ್ಟು ವಿನಯವಂತ ಅಪರಾಧಿ ಅವನ ಉದ್ಯೋಗದಲ್ಲಿ ಮತ್ತೆ ಸಿಕ್ಕಿರಲಾರ. ಮಾರನೆಯ ದಿನ ನಾನು ಇದನ್ನು ಸ್ಕೂಲಿನ ಸ್ಟಾಫ್ ರೂಮಿನಲ್ಲಿ ಅಭಿನಯಿಸಿ ತೋರಿಸಿದೆ. ಎಲ್ಲರೂ ಕಣ್ಣೊರೆಸಿಕೊಂಡು ನಕ್ಕರು. ಮನೆಯಲ್ಲಿ ಅಮ್ಮ ಯಾವ ಮಾತಿಗೂ "ಸರಿ ಸಾರ್" ಎನ್ನತೊಡಗಿದಳು. ಮಾವನೂ ನಗುತ್ತಿದ್ದರು. ಅದೇ ವಾರ ಅವರು ಕ್ಷೌರಕ್ಕೆಂದು ಹೋಗಿ ಎರಡು ಗಂಟೆಯ ನಂತರ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಬಂದರು. ಕೂದಲು ಹಾಗೇ ಇತ್ತು. "ಅಂಗಡಿ ಬಾಗ್ಲಾಕಿತ್ತು" ಎಂದರು. ಬುಧವಾರ ಯಾವ ಕ್ಷೌರದಂಗಡಿ ಬಾಗಿಲು ಹಾಕುತ್ತದೆ? ಅದಕ್ಕೂ ನಾವು ನಕ್ಕೆವು.

ವಾರ ಕಳೆದು ಆಟದ ಬಾಗಿಲು ತೆರೆದ ಕೂಡಲೇ ಮಾವ ಮತ್ತೆ ಅದೇ ಪ್ರೋಗ್ರಾಮು ಹಾಕಿದರು. ಮೂರನೆಯ ದಿನ ಕರಿಯ ನಿಲುವಂಗಿ ಮತ್ತೆ ಬಂತು. ಈ ಸಲ ಪ್ರಶ್ನೆಯನ್ನೂ ಕೇಳಲಿಲ್ಲ. ಮೈಸೂರ್ ಡ್ರೈವರ್ ಎಂಬ ಬೊಂಬೆ ಆ ದೇಶದಿಂದ ಶಾಶ್ವತವಾಗಿ ಅಳಿಸಿಹೋಯಿತು.

ನನಗೆ ಆಗ ನಗು ಬರಲಿಲ್ಲ. ಪರೀಕ್ಷೆಯಲ್ಲಿ ಚೀಟಿ ಇಟ್ಟುಕೊಂಡವರನ್ನು ಹಿಡಿದು ಹಿಡಿದು ನನ್ನ ಸ್ವಭಾವವೇ ಹಾಗಾಗಿತ್ತೋ ಏನೋ, ಅಮ್ಮನ ಎದುರಿಗೇ ರೇಗಿದೆ. "ಒಂದ್ಸಲ ಸಿಕ್ಕಿಹಾಕ್ಕೊಂಡ ಮೇಲೂ ಬುದ್ಧಿ ಬರಲ್ವ ಮಾವ? ಮೂವತ್ತು ವರ್ಷ ನೆಟ್ಟಗೆ ಬಸ್ ಓಡಿಸಿದೋರು, ಮಕ್ಕಳಾಟದಲ್ಲಿ ಕಾಪಿ ಹೊಡೀತೀರಲ್ಲ, ನಾಚಿಕೆ ಆಗಲ್ವ?"

ಅಮ್ಮ "ಬುಡೇ, ಆಟ ತಾನೆ" ಎಂದಳು. ನಾನು ಬಿಡಲಿಲ್ಲ. "ನಮ್ಮ ಸ್ಕೂಲ್ ಮಕ್ಕಳೇ ವಾಸಿ. ಅವರಿಗೆ ಭಯನಾದ್ರೂ ಇರುತ್ತೆ."

ಮಾವ ಬಾಗಿಲ ಚೌಕಟ್ಟನ್ನು ಹಿಡಿದು ನಿಂತಿದ್ದರು. "ತಪ್ಪಾಯ್ತು ಮಿಸ್" ಎಂದರು. ತಮಾಷೆಗೆ ಹೇಳಿದರೇನೋ ಎಂದು ಮುಖ ನೋಡಿದೆ. ತಮಾಷೆ ಇರಲಿಲ್ಲ.

ಆಮೇಲೆ ಅವರು ಕಂಪ್ಯೂಟರ್ ಮುಟ್ಟಲೇ ಇಲ್ಲ. ನಾಲ್ಕು ಗಂಟೆಗೆ ಜಗುಲಿಗೆ ಬಂದು ಕೂರುತ್ತಿದ್ದರು, ಐದಕ್ಕೆ ಎದ್ದು ಒಳಗೆ ಹೋಗುತ್ತಿದ್ದರು. ನಾನು ಮಾತಾಡಿಸಿದರೆ ಕೇಳಿದ್ದಕ್ಕಷ್ಟೇ ಉತ್ತರ. ಕೋಪವಿರಬೇಕು, ತಾನಾಗಿ ಇಳಿಯುತ್ತದೆ ಎಂದುಕೊಂಡೆ.

ಬೆಳಗಿನ ಹಾಲು ತರುವುದು ಮಾವನ ಕೆಲಸವಾಗಿತ್ತು. ಹಾಲಿನ ಬೂತು ನಮ್ಮ ಮನೆಯಿಂದ ಎರಡು ತಿರುವು ಅಷ್ಟೆ. ಶಿವರಾತ್ರಿ ಹತ್ತಿರವಿದ್ದ ಒಂದು ಭಾನುವಾರ ಅವರು ಹೋಗಿ ಒಂದು ಗಂಟೆಯಾದರೂ ಬರಲಿಲ್ಲ. ಯಾರಿಗೋ ದಾರಿ ಹೇಳುತ್ತಾ ಎಲ್ಲಿಗೋ ಹೋಗಿರಬೇಕು ಎಂದು ಗೊಣಗಿಕೊಂಡೇ ನಾನು ಹುಡುಕಲು ಹೊರಟೆ. ವಾಟರ್ ಟ್ಯಾಂಕಿನ ಕಡೆಯ ರಸ್ತೆಯಲ್ಲಿ, ಒಂದು ಮನೆಯ ಕಾಂಪೌಂಡಿಗೆ ಒರಗಿ ನಿಂತಿದ್ದರು. ಕೈಯಲ್ಲಿ ಹಾಲಿನ ಎರಡು ಪ್ಯಾಕೆಟ್ಟು. ಆ ರಸ್ತೆ ನಮ್ಮ ಮನೆಯ ರಸ್ತೆಗೆ ಪೂರಾ ಉಲ್ಟಾ ದಿಕ್ಕು.

ನಾನು ಕೂಗಬೇಕು ಅನ್ನುವಷ್ಟರಲ್ಲಿ ಒಂದು ಆಟೋ ಅವರ ಪಕ್ಕದಲ್ಲಿ ನಿಂತಿತು. ಡ್ರೈವರ್ ತಲೆ ಹೊರಹಾಕಿ, "ಯಜಮಾನ್ರೇ, ವಿಜಯನಗರ ಮೂರನೇ ಹಂತಕ್ಕೆ ಎಂಗೋಗ್ಬೇಕು?" ಎಂದ.

ಮಾವ ಅವನನ್ನು ನೋಡಿದರು. ರಸ್ತೆಯ ಆ ತುದಿ ನೋಡಿದರು, ಈ ತುದಿ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು.

"ಗೊತ್ತಿಲ್ಲಪ್ಪ. ನಾನು ಈ ಕಡೆಯೋನಲ್ಲ."

ಆಟೋ ಹೋಯಿತು. ನಾನು ಅಲ್ಲೇ ನಿಂತಿದ್ದೆ. ಅವರು ತಿರುಗಿ ನನ್ನನ್ನು ಕಂಡರು. ಮುಖದ ಮೇಲೆ ಮೊದಲು ಬಂದದ್ದು ಸಮಾಧಾನ, ಅದರ ಹಿಂದೆಯೇ ನಾಚಿಕೆ. ನಾನು ಹಾಲಿನ ಪ್ಯಾಕೆಟ್ಟುಗಳನ್ನು ತೆಗೆದುಕೊಂಡೆ. ಬಹಳ ಹೊತ್ತು ಹಿಡಿದಿದ್ದರಿಂದ ಬೆಚ್ಚಗಾಗಿದ್ದವು.

"ಯಾವಾಗಿಂದ ಮಾವ?"

ಅವರು ಸ್ವಲ್ಪ ದೂರ ನಡೆದ ಮೇಲೆ ಹೇಳಿದರು. "ಗೌರಿ ಹಬ್ಬದ ಟೈಮಿಂದ. ಮೊದ್ಲು ಆ ಆಟದ ಕಾಡಲ್ಲಿ. ಅಲ್ಲೊಂದು ಬಾವಿ ಅದೆ. ಬಾವಿ ಅತ್ರ ಬಂದ್ರೆ ಎಡಕ್ಕೋ ಬಲಕ್ಕೋ ಗೊತ್ತಾಯ್ತಿರ್ಲಿಲ್ಲ. ಆಟ ತಾನೆ, ಅವರೇ ದಾರಿ ಬದಲಾಯಿಸಿರ್ಬೇಕು ಅನ್ಕೊಂಡೆ." ಒಂದು ಕ್ಷಣ ನಿಂತರು. "ಆಮೇಲೆ ಇಲ್ಲೂ ಬದಲಾಯಿಸ್ಬುಟ್ರು."

ನಾವು ಮತ್ತೆ ನಡೆಯತೊಡಗಿದೆವು.

"ಆ ಪ್ರೋಗ್ರಾಮಿಗೆ ಒಂದ್ಸಲ ತೋರ್ಸಿದ್ರೆ ಮರೆಯಲ್ಲ ಕಣಮ್ಮ ಅದು. ಒಂದಿನ ಬೆಳಿಗ್ಗೆ ಎಲ್ಲಾ ಚೆನ್ನಾಗಿ ನೆನಪಿತ್ತು. ಆವತ್ತೇ ಕೂತು ಪೂರಾ ನಡೆದು ತೋರಿಸ್ಬುಟ್ಟೆ. ನಾಲ್ಕು ಗಂಟೆಗೆ ಜನ ಬಂದು ನಿಂತಿರ್ತಾರೆ. ನಂಬ್ಕೊಂಡು ಬಂದೋರ್ನ ತೋಳದ ಬಾಯಿಗೆ ಕೊಡಕ್ಕಾಯ್ತದಾ? ಡ್ರೈವರ್ ದಾರಿ ಮರ್ತ ಅಂತ ಹೇಳಕ್ಕಾಯ್ತದಾ?"

"ನಂಗೆ ಹೇಳ್ಬೋದಿತ್ತಲ್ಲ ಮಾವ."

"ನೀನು ಕಾಪಿ ಹೊಡ್ದೋರ್ನ ಕ್ಲಾಸಿಂದ ಆಚೆ ಹಾಕ್ತೀಯ ಮಿಸ್" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ನಿಯಮ ಹಾಗಿದೆ ಎಂದು ಹೇಳಿದಂತಿತ್ತು. ಮನೆ ಸೇರುವ ತನಕ ನಾನು ಅವರಿಗಿಂತ ಅರ್ಧ ಹೆಜ್ಜೆ ಮುಂದೆ ನಡೆದೆ.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಅದೂ ಇದೂ ಕೇಳಿ, ಕೊನೆಗೆ "ಬಸ್ ಸ್ಟ್ಯಾಂಡಿಂದ ನಿಮ್ಮ ಮನೆಗೆ ಹೇಗೆ ಹೋಗ್ತೀರಿ ಹೇಳಿ" ಎಂದರು. ಮಾವನ ಮುಖ ಅರಳಿತು. ತಡವರಿಸದೆ ಹೇಳಿಕೊಂಡು ಹೋದರು. ಇಲ್ಲಿ ಎಡಕ್ಕೆ ತಿರುಗಿದರೆ ಕೆರೆಯ ಏರಿ, ಏರಿ ಇಳಿದರೆ ರಾಗಿ ಹೊಲ, ಹೊಲದ ಬದುವಿನಲ್ಲಿ ಒಂದು ಆಲೆಮನೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವರು ಹೇಳುತ್ತಿದ್ದದ್ದು ಸರಿಯಾದ ದಾರಿಯೇ. ವಿಜಯನಗರ ಎಂಬ ಬಡಾವಣೆ ಹುಟ್ಟುವುದಕ್ಕೆ ಮೊದಲು ಅಲ್ಲಿದ್ದ ದಾರಿ. ಡಾಕ್ಟರು ಕಾಯಿಲೆಯ ಹೆಸರು ಹೇಳಿದರು, ಇದು ಹಿಂದಕ್ಕೆ ಹೋಗುವುದಿಲ್ಲ ಎಂದರು. ಆಟೋದಲ್ಲಿ ಬರುವಾಗ ಅಮ್ಮ ತಮ್ಮನ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮನೆ ಬರುವ ತನಕ ಬಿಡಲಿಲ್ಲ.

ನಾನು ಆಟದ ಕಂಪನಿಗೆ ಉದ್ದನೆಯ ಇಂಗ್ಲಿಷ್ ಪತ್ರ ಬರೆದೆ. ಇವರು ಇಂಥವರು, ಇವರಿಗೆ ಇಂಥ ಕಾಯಿಲೆ, ಮತ್ತೆ ಸೇರಿಸಿಕೊಳ್ಳಿ ಎಂದು ಬೇಡಿಕೊಂಡೆ. ಎರಡು ಸಾಲಿನ ಉತ್ತರ ಬಂತು. ವಿಷಾದವಿದೆ, ಆದರೆ ನಿಯಮ ಎಲ್ಲರಿಗೂ ಒಂದೇ. ಮಾವನಿಗೆ ಓದಿ ಹೇಳಿದೆ. ನನ್ನ ಕಣ್ಣು ತುಂಬಿತ್ತು, ಅವರದು ತುಂಬಲಿಲ್ಲ. "ಸರಿಯಾಗೇ ಮಾಡವ್ರೆ" ಎಂದು ಎದ್ದು ಹೋದರು.

ಕಡೆಗೆ ನಾನೇ ಒಂದು ಬೊಂಬೆ ಮಾಡಿಕೊಂಡು ಆಟಕ್ಕೆ ಹೋದೆ. ಆಡುವ ಉದ್ದೇಶ ನನಗಿರಲಿಲ್ಲ. ನಾಲ್ಕು ಗಂಟೆಗೆ ಕೋಟೆಯ ಬಾಗಿಲಿಗೆ ಹೋಗಿ, ಮಾವ ಇನ್ನು ಬರುವುದಿಲ್ಲ ಎಂದು ಹೇಳಿ ಬರೋಣ ಎಂದುಕೊಂಡಿದ್ದೆ. ಅಷ್ಟು ದಿನವಾದ ಮೇಲೆ ಯಾರು ಕಾಯುತ್ತಿರುತ್ತಾರೆ ಎಂಬ ಅನುಮಾನವೂ ಇತ್ತು. ನಾಲ್ಕು ಬೊಂಬೆಗಳು ನಿಂತಿದ್ದವು. ಅದರಲ್ಲಿ ಒಂದು ಮಲ್ಲಿಗೆ.

ನಾನು ಯಾರೆಂದು ಹೇಳಿದೆ. ಅವಳು ಮೊದಲು ಕೇಳಿದ್ದು, "ಬದುಕಿದ್ದಾರಾ?" ಎಂದು. ಇದ್ದಾರೆ ಎಂದೆ. ಕಾಯಿಲೆಯ ವಿಷಯ ಹೇಳಿದೆ. ಅವಳ ಉತ್ತರ ತುಂಡು ತುಂಡಾಗಿ ಬರತೊಡಗಿತು.

"ನಮಗೆ ಸ್ವಲ್ಪ ಗೊತ್ತಿತ್ತು. ಬಾವಿಯ ಹತ್ತಿರ ಅವರು ನಿಂತುಬಿಡುತ್ತಿದ್ದರು. ಆಗ ನಮ್ಮಲ್ಲಿ ಯಾರಾದರೂ ಒಬ್ಬರು ಎಡಕ್ಕೆ ಎರಡು ಹೆಜ್ಜೆ ಹೋಗುತ್ತಿದ್ದೆವು. ಅವರು ಬಂದುಬಿಡುತ್ತಿದ್ದರು. ಅವರಿಗೆ ಬೇಸರ ಆಗುವುದು ಬೇಡ ಅಂತ ಯಾರೂ ಏನೂ ಹೇಳಲಿಲ್ಲ."

ಒಂದೇ ಮನೆಯಲ್ಲಿ, ಒಂದೇ ಪಾತ್ರೆಯ ಸಾರು ಉಣ್ಣುತ್ತಿದ್ದ ನಮಗೆ ಕಾಣದಿದ್ದದ್ದು ಇವರಿಗೆ ಕಂಡಿತ್ತು.

"ಆಮೇಲೆ ಅವರು ಪೂರಾ ಬದಲಾದರು" ಎಂದು ಅವಳು ಬರೆದಳು. "ನಾನು ಏನು ಹೇಳಿದರೂ ಸರಿ ಸಾರ್ ಅಂತಲೇ ಬರುತ್ತಿತ್ತು. ನನ್ನನ್ನು ಅವರು ಯಾವತ್ತೂ ಸಾರ್ ಅಂದವರಲ್ಲ. ಮಗಾ ಅನ್ನುವವರು. ಒಂದು ದಿನ ನಮ್ಮ ವಾರ್ಡಿನಲ್ಲಿ ಒಂದು ಸಣ್ಣ ಮಗು ತೀರಿಕೊಂಡಿತು. ನಾನು ಬಂದು ಅವರಿಗೆ ಹೇಳಿದೆ. ಸರಿ ಸಾರ್ ಅಂತ ಬಂತು. ನನಗೆ ಹೆದರಿಕೆಯಾಯಿತು. ಇವರು ಹೋಗಿಬಿಟ್ಟಿದ್ದಾರೆ, ಇವರ ಬೊಂಬೆಯನ್ನು ಯಾರೋ ಕದ್ದು ನಡೆಸುತ್ತಿದ್ದಾರೆ ಅಂತ ಅನ್ನಿಸಿತು."

ಅದರ ಹಿಂದೆಯೇ ಕೊನೆಯ ಸಾಲು ಬಂತು.

"ದೂರು ಕೊಟ್ಟದ್ದು ನಾನು ಅಕ್ಕ. ಎರಡು ಸಲವೂ ನಾನೇ."

ಅವಳನ್ನು ಕ್ಷಮಿಸಲು ನಾನು ಯಾರು? ಅವಳಾದರೂ ಅವರು ಬದಲಾಗಿದ್ದಾರೆಂದು ಹೆದರಿದಳು, ನಾನು ಸ್ಟಾಫ್ ರೂಮಿನಲ್ಲಿ ಅಭಿನಯಿಸಿ ತೋರಿಸಿದೆ. ಇದನ್ನು ಅವಳಿಗೆ ಬರೆಯಲು ಹೋಗಿ ಅಳಿಸಿದೆ. ನಮ್ಮ ಮನೆಯ ವಿಳಾಸ ಕೊಟ್ಟೆ.

ಮುಂದಿನ ವರ್ಷ ರಜೆಗೆ ಊರಿಗೆ ಬಂದವಳು ಮಂಗಳೂರಿನಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದಳು. ಸಣ್ಣಗೆ, ಕಪ್ಪಗೆ, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಯ ಹುಡುಗಿ. ಕೈಯಲ್ಲಿ ಖರ್ಜೂರದ ಡಬ್ಬ. ಮಾವ ಆ ಹೊತ್ತಿಗೆ ಬಹಳ ದೂರ ಹೋಗಿದ್ದರು. ಆಟ, ಕಾಡು, ಬಂದರು ಯಾವುದೂ ನೆನಪಿರಲಿಲ್ಲ. ಅವರ ನೆನಪಿನಲ್ಲಿ ನಾನೂ ಕೆಲವು ದಿನ ಇರುತ್ತಿದ್ದೆ, ಕೆಲವು ದಿನ ಇರುತ್ತಿರಲಿಲ್ಲ. ಅವಳಿಗೆ ಇದನ್ನು ಮೊದಲೇ ಹೇಳಿದ್ದೆ. ನರ್ಸ್ ಅಲ್ಲವೇ, ಗೊತ್ತು ಎಂದಿದ್ದಳು.

ಮಾವ ಜಗುಲಿಯ ಬೆಂಚಿನ ಮೇಲೆ ಕೂತಿದ್ದರು. ಅವಳು ಚಪ್ಪಲಿ ಬಿಟ್ಟು ಬಂದು ಅವರ ಮುಂದೆ ನಿಂತಳು.

"ಯಾವೂರಮ್ಮ?"

"ಮಂಗಳೂರು ಮಾವ. ನಾನು ಮಲ್ಲಿಗೆ."

"ಒಳ್ಳೇ ಹೆಸರು" ಎಂದರು. ಅಷ್ಟೆ. ಅವರ ಕಣ್ಣಿನಲ್ಲಿ ಏನೂ ಕದಲಲಿಲ್ಲ.

ಆಸ್ಪತ್ರೆಯಲ್ಲಿ ಏನೇನು ಕಂಡಿದ್ದಳೋ, ಇದನ್ನು ತಡೆಯಲು ಅವಳಿಗಾಗಲಿಲ್ಲ. ನಿಂತಲ್ಲೇ ಅಳತೊಡಗಿದಳು. "ನಾನು ನಿಮ್ಮ ಮೇಲೆ ಕಂಪ್ಲೇಂಟ್ ಕೊಟ್ಟದ್ದು ಮಾವ. ನನಗೆ ಗೊತ್ತಾಗಲಿಲ್ಲ. ನನ್ನಿಂದ ದೊಡ್ಡ ತಪ್ಪಾಯಿತು."

ನಾನು ಬಾಗಿಲಲ್ಲಿದ್ದೆ, ಅಮ್ಮ ನನ್ನ ಬೆನ್ನ ಹಿಂದೆ. ಮಾವ ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಈ ಹುಡುಗಿ ಯಾರು, ಯಾವ ಕಂಪ್ಲೇಂಟು, ಯಾವ ಕಾಲದ್ದು, ಏನೂ ತಿಳಿಯಲಿಲ್ಲ ಎಂಬುದು ಕಾಣುತ್ತಿತ್ತು. ಆಮೇಲೆ ಬೆಂಚಿನ ಮೇಲೆ ನಿಧಾನವಾಗಿ ಒಂದು ಪಕ್ಕಕ್ಕೆ ಸರಿದರು. ಖಾಲಿಯಾದ ಜಾಗವನ್ನು ಅಂಗೈಯಿಂದ ಎರಡು ಸಲ ಒರೆಸಿದರು.

"ಕೂತ್ಕೊ ಮಗಾ" ಎಂದರು. "ಅಳ್ಬಾರ್ದು. ನಂದೇ ಏನೋ ತಪ್ಪಿರ್ಬೇಕು. ನಿನ್ನಂಥೋಳು ಸುಮ್ ಸುಮ್ನೆ ಕಂಪ್ಲೇಂಟ್ ಕೊಡಲ್ಲ."